ವೀರಗಲ್ಲಿಲ್ಲದ ಸಾವು: ಸೆರೆಮನೆಯ ವಸ್ತುಸಂಗ್ರಹಾಲಯ ಮತ್ತು ನಮ್ಮ ಸ್ಮಾರಕಭಾಷೆ

1

ಮಹಾರಾಷ್ಟ್ರದ ಔರಂಗಾಬಾದಿನಿಂದ (2023ರಿಂದ ಛತ್ರಪತಿ ಸಂಭಾಜಿನಗರ) ಅಹಮದನಗರಕ್ಕೆ (2024ರಿಂದ ಅಹಿಲ್ಯಾನಗರ) ಹೋಗುವ ಹೆದ್ದಾರಿಯ ಮೇಲೆ ವಾಳೂಜ್ ಎಂಬ ಊರಿದೆ. ಇಂದು ಆ ಹೆಸರಿನೊಡನೆ ನೆನಪಾಗುವುದು ಅಲ್ಲಿಯ ದೊಡ್ಡ ಕೈಗಾರಿಕಾ ಪ್ರದೇಶ. 1948ರ ಸೆಪ್ಟೆಂಬರಿನವರೆಗೆ ಅದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ, ಸಂಸ್ಥಾನದ ಪಶ್ಚಿಮ ಗಡಿಗೆ ಸಮೀಪವಾದ ಊರಾಗಿತ್ತು. ಅಲ್ಲಿಂದ ನೈಋತ್ಯಕ್ಕೆ ಹೊರಟು ಕಾಯಗಾಂವ್ ಟೋಕೆಯ ಬಳಿ ಗೋದಾವರಿಯನ್ನು ದಾಟಿದರೆ ಹಿಂದಿನ ಮುಂಬಯಿ ಪ್ರಾಂತ; ಇನ್ನೂ ಮುಂದೆ ಅಹಮದನಗರದ ಕೋಟೆ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ನಿರ್ಣಯದ ಬೆನ್ನಿಗೇ ಬಂಧಿತರಾದ ಕಾಂಗ್ರೆಸ್ ಕಾರ್ಯಸಮಿತಿಯ ಸದಸ್ಯರನ್ನು ಬ್ರಿಟಿಷ್ ಸರ್ಕಾರ ಇರಿಸಿದ್ದು ಈ ಕೋಟೆಯಲ್ಲಿ. ಜವಾಹರಲಾಲ್ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’, ಮೌಲಾನಾ ಆಜಾದರ ‘ಗುಬಾರ್-ಎ-ಖಾತಿರ್’ ಎರಡೂ ಇಲ್ಲಿ ಹುಟ್ಟಿದ ಕೃತಿಗಳು. ನಾಯಕರಿದ್ದ ಆ ಕೋಣೆಗಳನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ.

ಅದೇ ವಾಳೂಜಿನಿಂದ ಇನ್ನೊಂದು ದಿಕ್ಕಿಗೆ, ಆಗ್ನೇಯಕ್ಕೆ ಹೊರಟರೆ ಬೀಡ್, ಉಸ್ಮಾನಾಬಾದ್ (2023ರಿಂದ ಧಾರಾಶಿವ), ಬೀದರ್, ಕಲಬುರಗಿ ಎದುರಾಗುತ್ತವೆ. ಇದೆಲ್ಲವೂ ಹಳೆಯ ಸಂಸ್ಥಾನದ ನೆಲ. 1948ರಲ್ಲಿ ಇಲ್ಲಿ ಮೊದಲು ರಜಾಕಾರರ ಕೈಯಿಂದ, ಅನಂತರ ‘ಪೊಲೀಸ್ ಕಾರ್ಯಾಚರಣೆ’ಯ ಹಿಂದೆಯೇ ಎದ್ದ ಹಿಂಸೆಯಲ್ಲಿ, ಸಾವಿರಾರು ಜನ ಸತ್ತರು. ಮೊದಲಿನವರಿಗೆ ಒಂದು ಹೆಸರಿದೆ: ಹುತಾತ್ಮರು. ಎರಡನೆಯವರಿಗೆ ಕನ್ನಡದಲ್ಲಿಯಾಗಲಿ ಮರಾಠಿಯಲ್ಲಿಯಾಗಲಿ ಜನ ಒಪ್ಪಿ ಬಳಸುವ ಒಂದು ಹೆಸರೂ ಇಲ್ಲ. ಒಂದು ದಾರಿ ಸ್ಮಾರಕವಾದ ಸೆರೆಮನೆಗೆ ಮುಟ್ಟಿಸುತ್ತದೆ, ಇನ್ನೊಂದು ಹೆಸರೇ ಇಲ್ಲದ ಸತ್ತವರ ಊರುಗಳಿಗೆ. ಈ ಎರಡರ ನಡುವಿನ ಅಂತರ ಆಕಸ್ಮಿಕವಲ್ಲ. ನಮ್ಮ ಸ್ಮಾರಕಭಾಷೆಯಲ್ಲಿಯೇ ಅದರ ಕಾರಣದ ಒಂದು ಭಾಗ ಅಡಗಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದವನ್ನು ಮಂಡಿಸಲು ನಮ್ಮ ಅನುಭವದ ಹೊರಗಿನ ಒಂದು ನಿದರ್ಶನ ಬೇಕಾಗುತ್ತದೆ. ಸೆರೆಮನೆಯೊಂದು ಸ್ಮಾರಕವಾದಾಗ ಅದು ನಾಯಕರನ್ನಲ್ಲದೆ ಸುಮ್ಮನೆ ಸತ್ತವರನ್ನು ನೆನೆಯುವುದು ಹೇಗೆ ಎಂಬುದನ್ನು ತೋರುವ ನಿದರ್ಶನ ಅದು. ಕಾಂಬೋಡಿಯಾದ ತುವೊಲ್ ಸ್ಲೆಂಗ್ ಅಂಥದೊಂದು ಸ್ಥಳ.

2

ನೊಮ್ ಪೆನ್ ನಗರದ ನಡುವೆ ಇರುವ ಈ ಸ್ಥಳದ ಹೆಸರಿಗೆ ವಿಷಮರಗಳ ದಿಬ್ಬ ಎಂದು ಅರ್ಥ. ‘ಸ್ಲೆಂಗ್’ ಎಂಬುದು ನಮ್ಮ ಕಾಸರಕದ ಜಾತಿಯ ಮರ. ಕಟ್ಟಡಗಳು ಮೂಲತಃ ಒಂದು ಪ್ರೌಢಶಾಲೆ. 1975ರ ಏಪ್ರಿಲ್ 17ರಂದು ಅಧಿಕಾರ ಹಿಡಿದ ಖ್ಮೇರ್ ರೂಜ್ ಆಡಳಿತ ಶಾಲೆಗಳನ್ನು ಮುಚ್ಚಿತು. ಈ ಶಾಲೆ ‘ಎಸ್-21’ ಎಂಬ ಗುಪ್ತ ಸೆರೆಮನೆಯಾಯಿತು. ಅದರ ಮುಖ್ಯಸ್ಥ ಡುಚ್ ಎಂಬ ಪಕ್ಷನಾಮದ ಕಾಂಗ್ ಕೆಕ್ ಇಯು, ಹಿಂದೆ ಗಣಿತದ ಉಪಾಧ್ಯಾಯನಾಗಿದ್ದವನು. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ನಗರವನ್ನು ಪ್ರವೇಶಿಸುವವರೆಗೆ ಇಲ್ಲಿಗೆ ಬಂದವರಲ್ಲಿ ಬದುಕಿ ಉಳಿದವರು ಬೆರಳೆಣಿಕೆಯಷ್ಟು. ವಿಶೇಷ ನ್ಯಾಯಾಲಯ 2010ರಲ್ಲಿ ಡುಚ್‌ನನ್ನು ಅಪರಾಧಿಯೆಂದು ತೀರ್ಮಾನಿಸಿದಾಗ ಇಲ್ಲಿ ಸತ್ತವರ ಸಂಖ್ಯೆಯನ್ನು ಕನಿಷ್ಠ 12,272 ಎಂದು ಎಣಿಸಿತು.

1980ರಲ್ಲಿ ಸಾರ್ವಜನಿಕರಿಗೆ ತೆರೆದ ಈ ವಸ್ತುಸಂಗ್ರಹಾಲಯದೊಳಗೆ ನಡೆದು ಹೋಗುವ ಸಂದರ್ಶಕ ಮೊದಲು ಕಾಣುವುದು ಶಾಲೆಯನ್ನೇ: ಮೂರು ಅಂತಸ್ತಿನ ಕಟ್ಟಡಗಳು, ಉದ್ದನೆಯ ಮೊಗಸಾಲೆಗಳು, ಅಂಗಳದಲ್ಲಿ ಮಕ್ಕಳ ವ್ಯಾಯಾಮದ ಕಂಬ. ಸೆರೆಯವರು ಮೇಲಿನಿಂದ ಹಾರಿ ಪ್ರಾಣ ಕಳೆದುಕೊಳ್ಳದಂತೆ ಒಂದು ಮೊಗಸಾಲೆಗೆ ಕಟ್ಟಿದ ಮುಳ್ಳುತಂತಿ ಹಾಗೆಯೇ ಇದೆ. ತರಗತಿಗಳ ಒಳಗೆ ಒರಟು ಇಟ್ಟಿಗೆಯ ಕಿರುಕೋಣೆಗಳು. ಅಂಗಳದಲ್ಲಿ ಹದಿನಾಲ್ಕು ಬಿಳಿಯ ಸಮಾಧಿಗಳು. ಕಾವಲುಗಾರರು ಓಡಿಹೋಗುವ ಮುನ್ನ ಕೊಂದು ಬಿಟ್ಟುಹೋದ ಕೊನೆಯವರ ದೇಹಗಳು ಅಲ್ಲಿವೆ. ಆಮೇಲೆ ಬರುವುದು ಭಾವಚಿತ್ರಗಳ ಕೋಣೆಗಳು. ಬಂದ ಪ್ರತಿಯೊಬ್ಬರನ್ನೂ ಸೆರೆಮನೆಯ ಛಾಯಾಗ್ರಾಹಕರು ಎದುರು ಕೂರಿಸಿ ಚಿತ್ರ ತೆಗೆದರು. ಅಂಥ ಸಾವಿರಾರು ಚಿತ್ರಗಳೂ ನಾಲ್ಕು ಸಾವಿರಕ್ಕೂ ಮಿಕ್ಕ ‘ತಪ್ಪೊಪ್ಪಿಗೆ’ಗಳೂ ಉಳಿದುಕೊಂಡಿವೆ. ಈ ದಾಖಲೆಗಳನ್ನು ಯುನೆಸ್ಕೊ 2009ರಲ್ಲಿ ವಿಶ್ವಸ್ಮೃತಿಯ ಪಟ್ಟಿಗೂ, ಸ್ಥಳವನ್ನು 2025ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿಸಿತು.

ಈ ವಸ್ತುಸಂಗ್ರಹಾಲಯವನ್ನು ಒಂದು ಪಠ್ಯವೆಂದು ಓದಿದರೆ ಮೂರು ಸಂಗತಿಗಳು ಗಮನಕ್ಕೆ ಬರುತ್ತವೆ.

ಮೊದಲನೆಯದು, ಇಲ್ಲಿ ನಾವು ನೋಡುವ ಬಹುಪಾಲು ಎಲ್ಲವೂ ಸೆರೆಯಾಳಿನ ಕೃತಿಯಲ್ಲ, ಸೆರೆಯಿಟ್ಟವನ ಕೃತಿ. ಭಾವಚಿತ್ರದಲ್ಲಿ ನಮ್ಮತ್ತ ನೋಡುವ ಕಣ್ಣು ನಿಜವಾಗಿ ನೋಡುತ್ತಿದ್ದುದು ಕಾವಲುಗಾರನ ಕ್ಯಾಮರಾವನ್ನು. ನಾವು ಚಿತ್ರದ ಮುಂದೆ ನಿಂತಾಗ ನಿಲ್ಲುವುದು ಆ ಕಾವಲುಗಾರ ನಿಂತಿದ್ದ ಜಾಗದಲ್ಲಿ. 1997ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಇವುಗಳಲ್ಲಿ 22 ಚಿತ್ರಗಳನ್ನು ಪ್ರದರ್ಶಿಸಿದಾಗ ಎದ್ದ ಆಕ್ಷೇಪದ ತಿರುಳು ಇದೇ: ಕೊಲೆಗಾರನ ದಫ್ತರದ ಕಾಗದವನ್ನು ಕಲಾಕೃತಿಯೆಂದು ನೋಡುವುದು ಎಷ್ಟರಮಟ್ಟಿಗೆ ಸರಿ? ಬದುಕಿ ಉಳಿದವರೂ ಸೆರೆಯಿಟ್ಟವನಿಗೆ ಉಪಯೋಗಕ್ಕೆ ಬಂದವರೇ. ವಾನ್ ನಾಥ್ ಮತ್ತು ಬೂ ಮೆಂಗ್ ಚಿತ್ರಕಾರರಾದ್ದರಿಂದ ಉಳಿದರು. ಚುಮ್ ಮೆಯ್ ಯಂತ್ರ ರಿಪೇರಿ ಬಲ್ಲವನಾದ್ದರಿಂದ ಉಳಿದ. ವಾನ್ ನಾಥ್ ತಾನು ಕಂಡದ್ದನ್ನು ಆಮೇಲೆ ಬಿಡಿಸಿದ ವರ್ಣಚಿತ್ರಗಳಷ್ಟೇ ಇಲ್ಲಿ ಸೆರೆಯಾಳಿನ ಕಡೆಯಿಂದ ಬಂದ ನೋಟ.

ಎರಡನೆಯದು, ಈ ಸ್ಥಳವೂ ರಾಜಕಾರಣದಿಂದ ಹೊರತಾದುದಲ್ಲ. ವಿಯೆಟ್ನಾಮಿನ ಬೆಂಬಲದ ಹೊಸ ಸರ್ಕಾರಕ್ಕೆ ತನ್ನ ಪ್ರವೇಶವನ್ನು ಜಗತ್ತಿನೆದುರು ಸಮರ್ಥಿಸಿಕೊಳ್ಳಬೇಕಿತ್ತು. ಪ್ರದರ್ಶನವನ್ನು ರೂಪಿಸಿದವನು ಮಾಯ್ ಲಾಮ್ ಎಂಬ ವಿಯೆಟ್ನಾಂ ಸೇನಾಧಿಕಾರಿ. ತಲೆಬುರುಡೆಗಳಿಂದ ಜೋಡಿಸಿದ ಕಾಂಬೋಡಿಯಾದ ನಕ್ಷೆ 2002ರವರೆಗೆ ಇಲ್ಲಿನ ಗೋಡೆಯ ಮೇಲಿತ್ತು. ‘ಜನಾಂಗಹತ್ಯೆ’ ಎಂಬ ಹೆಸರು ಕೂಡ ಆಗ ಇಟ್ಟದ್ದೇ. ಕಾನೂನಿನ ಕಟ್ಟುನಿಟ್ಟಾದ ಅರ್ಥದಲ್ಲಿ ಆ ಅಪರಾಧ ಸಾಬೀತಾದುದು 2018ರಲ್ಲಿ, ಅದೂ ವಿಯೆಟ್ನಾಮೀಯರು ಮತ್ತು ಚಾಮ್ ಮುಸಲ್ಮಾನರ ವಿಷಯದಲ್ಲಿ.

ಮೂರನೆಯದೇ ನಮ್ಮ ವಾದಕ್ಕೆ ಮುಖ್ಯವಾದುದು. ಎಸ್-21ರಲ್ಲಿ ಸತ್ತವರಲ್ಲಿ ಹೆಚ್ಚಿನವರು ಖ್ಮೇರ್ ರೂಜ್ ಪಕ್ಷದವರೇ, ಅದರ ಸೈನಿಕರು, ಅಧಿಕಾರಿಗಳು ಮತ್ತು ಅವರ ಮನೆಯವರು. ನಿನ್ನೆ ಇನ್ನೊಬ್ಬರನ್ನು ಹಿಂಸಿಸಿದವನು ಇಂದು ಸಂಶಯಕ್ಕೆ ಸಿಕ್ಕಿ ತಾನೇ ಸೆರೆಯಾದ. ಗೋಡೆಯ ಮೇಲೆ ಅವನೂ, ಏನೂ ಅರಿಯದ ಮಗುವನ್ನು ಎತ್ತಿಕೊಂಡ ತಾಯಿಯೂ ಅಕ್ಕಪಕ್ಕದಲ್ಲಿದ್ದಾರೆ. ಇವರಲ್ಲಿ ಯಾರೂ ಒಂದು ಧ್ಯೇಯಕ್ಕಾಗಿ ಸತ್ತವರೆಂದು ಹೇಳಲಾಗದು. ಅವರನ್ನು ಕೊಲ್ಲಲಾಯಿತು, ಅಷ್ಟೆ. 2015ರಲ್ಲಿ ಅಂಗಳದಲ್ಲಿ ಎದ್ದ ಸ್ತೂಪದ ಸುತ್ತ ಕಲ್ಲಿನಲ್ಲಿ ಕೊರೆದಿರುವುದು ಹೀಗೆ ಸತ್ತವರ ಹೆಸರುಗಳನ್ನು. ಒಳ್ಳೆಯವರೇ, ವೀರರೇ, ನಮ್ಮವರೇ ಎಂಬ ಅರ್ಹತೆಯ ಪರೀಕ್ಷೆಯಿಲ್ಲದೆ ಸತ್ತವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಬಗೆ ನಮಗೆ ಅಪರಿಚಿತ. ಏಕೆ ಅಪರಿಚಿತ ಎಂಬುದನ್ನು ತಿಳಿಯಲು ನಮ್ಮದೇ ಸ್ಮಾರಕಗಳ ಕಡೆ ತಿರುಗಬೇಕು.

3

ಕನ್ನಡ ನಾಡಿನ ಸ್ಮಾರಕಶಿಲ್ಪ ಮುಖ್ಯವಾಗಿ ಮೂರು ಬಗೆಯದು: ಹೋರಾಡಿ ಸತ್ತವನಿಗೆ ವೀರಗಲ್ಲು, ಗಂಡನೊಡನೆ ಅಳಿದವಳಿಗೆ ಮಾಸ್ತಿಕಲ್ಲು, ವ್ರತ ಹಿಡಿದು ದೇಹ ಬಿಟ್ಟವರಿಗೆ ನಿಸಿಧಿ. ಮೂರರಲ್ಲಿಯೂ ಸತ್ತವರು ಸಾವನ್ನು ತಾವಾಗಿ ಆರಿಸಿಕೊಂಡವರೆಂಬ ಕಲ್ಪನೆ ಸಮಾನವಾಗಿದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಅವನು ದೇವರ ಸನ್ನಿಧಿ ಸೇರಿದ ದೃಶ್ಯ. ಸಾವು ಫಲಪ್ರದವಾಗಲೇಬೇಕು; ಕಲ್ಲಿನ ರಚನೆಯೇ ಅದನ್ನು ವಿಧಿಸುತ್ತದೆ.

ಈ ನಿಯಮ ಎಷ್ಟು ಗಟ್ಟಿಯಾದುದು ಎಂಬುದಕ್ಕೆ ಆತಕೂರಿನ ಪ್ರಸಿದ್ಧ ಶಾಸನ ಸಾಕ್ಷಿ. ಕ್ರಿ.ಶ. 949-50ರ ಈ ಕಲ್ಲು ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಗಂಗರ ಬೂತುಗನಿಂದ ಮಣಲೆರ ಕೇಳಿ ಪಡೆದ ಆ ನಾಯಿ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಕಾದಾಡಿ ಸತ್ತದ್ದರಿಂದ ನಾಯಿಗೂ ಕಲ್ಲು ದೊರೆಯಿತು, ಅದರ ಪೂಜೆಗೆ ದತ್ತಿಯೂ ದೊರೆಯಿತು. ಇದನ್ನು ನಮ್ಮ ವಿದ್ವಾಂಸರು ಕನ್ನಡಿಗರ ಹೃದಯವೈಶಾಲ್ಯದ ಗುರುತಾಗಿ ಎತ್ತಿ ಹೇಳುವುದುಂಟು. ಅದು ತಪ್ಪಲ್ಲ. ಆದರೆ ಅದೇ ಶತಮಾನಗಳ ಶಾಸನಗಳಲ್ಲಿ ‘ಊರಳಿವು’ ಎಂಬ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ. ತುರುಗೋಳ್, ಪೆಣ್ಬುಯ್ಯಲ್‌ಗಳ ಜೊತೆಗೆ ವೀರನ ಸಾವಿನ ಸಂದರ್ಭವಾಗಿ ಅದು ಕಾಣಿಸಿಕೊಳ್ಳುತ್ತದೆ. ಶತ್ರುಗಳು ಊರಿಗೆ ನುಗ್ಗಿ ಊರೇ ಹಾಳಾದಾಗ ಇಂಥವನು ಎದುರಿಸಿ ಸತ್ತನೆಂದು ಕಲ್ಲು ಹೇಳುತ್ತದೆ. ಎದುರಿಸದೆ ಸತ್ತ ಊರಿನ ಉಳಿದವರ ಮಾತು ಅಲ್ಲಿಲ್ಲ. ‘ಊರಳಿವು’ ವೀರನ ಕಥೆಗೆ ಹಿನ್ನೆಲೆಯಾಗುತ್ತದೆಯೇ ಹೊರತು ತಾನೇ ಕಥೆಯಾಗುವುದಿಲ್ಲ.

ಈ ಪದ್ಧತಿ ಇಂದಿನ ಕರ್ನಾಟಕದ ಗಡಿಯೊಳಗಷ್ಟೇ ನಿಂತುದಲ್ಲ. ಮರಾಠಿಯ ‘ವೀರಗಳ’ ಎಂಬ ಮಾತು ನಮ್ಮ ವೀರಗಲ್ಲಿನಿಂದಲೇ ಬಂದುದು. ದೇವಗಿರಿಯ ಯಾದವರು ಆಳಿದ ನಾಡಿನಲ್ಲಿ ಎರಡು ಭಾಷೆಗಳೂ ಒಂದೇ ಸ್ಮಾರಕರೂಪವನ್ನು ಹಂಚಿಕೊಂಡವು. ಆಧುನಿಕ ಕಾಲದಲ್ಲಿಯೂ ಎರಡೂ ಭಾಷೆಗಳು ‘ಹುತಾತ್ಮ’ ಎಂಬ ಒಂದೇ ಶಬ್ದವನ್ನು ಬಳಸುತ್ತವೆ.

ಆ ಶಬ್ದವನ್ನು ಬಿಡಿಸಿ ನೋಡಿದರೆ ಹಳೆಯ ನಿಯಮ ಮುಂದುವರಿದಿರುವುದು ಕಾಣುತ್ತದೆ. ಹುತಾತ್ಮನೆಂದರೆ ತನ್ನನ್ನು ಹೋಮಕ್ಕೆ ಅರ್ಪಿಸಿಕೊಂಡವನು. ಬಲಿ, ಬಲಿದಾನ, ಆಹುತಿ ಇವೂ ಯಜ್ಞದ ಮಾತುಗಳು. ಸಾಮೂಹಿಕ ಕೊಲೆಗೆ ನಾವು ಬಳಸುವ ‘ನರಮೇಧ’ ಅಶ್ವಮೇಧದ ಜಾತಿಯದು. ‘ಮಾರಣಹೋಮ’ದಲ್ಲಿ ಹೋಮ ಹೆಸರಿನಲ್ಲಿಯೇ ಇದೆ. ಯಜ್ಞವೆಂದ ಮೇಲೆ ಒಬ್ಬ ದೇವತೆ ಇರಬೇಕು, ಒಂದು ಫಲ ಇರಬೇಕು. ಕೊಲೆಗೆ ಯಜ್ಞದ ಹೆಸರಿಟ್ಟಾಗ ಕೊಂದವನು ಅರಿವಿಲ್ಲದೆಯೇ ಹೋತೃವಾಗುತ್ತಾನೆ, ಸತ್ತವನು ಹವಿಸ್ಸಾಗುತ್ತಾನೆ. ‘ಕಗ್ಗೊಲೆ’ ಎಂಬ ಅಚ್ಚಗನ್ನಡ ಮಾತು ಕೃತ್ಯವನ್ನು ಸರಿಯಾಗಿ ಹೆಸರಿಸುತ್ತದೆ. ಆದರೆ ಕಗ್ಗೊಲೆಗೆ ಸಿಕ್ಕವನನ್ನು ಏನೆನ್ನಬೇಕು? ‘ಸಂತ್ರಸ್ತ’ ಎಂಬುದು ನೆರೆಯಿಂದ ಮನೆ ಕಳೆದುಕೊಂಡವನಿಗೂ ಸಲ್ಲುವ ಕಚೇರಿಯ ಮಾತು. ಹೀಗೆ, ಯಾವ ಧ್ಯೇಯವೂ ಇಲ್ಲದೆ, ಸುಮ್ಮನೆ ಕೊಲ್ಲಲ್ಪಟ್ಟವನಿಗೆ ಗೌರವದ ಹೆಸರೊಂದು ನಮ್ಮಲ್ಲಿ ಸಿದ್ಧವಾಗಿಲ್ಲ.

4

ಭಾರತದ ಸೆರೆಮನೆ ಸ್ಮಾರಕಗಳು ಈ ಭಾಷೆಯಲ್ಲಿಯೇ ಮಾತನಾಡುತ್ತವೆ. ಅಂಡಮಾನಿನ ಸೆಲ್ಯುಲರ್ ಜೈಲು 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಅಹಮದನಗರದ ಕೋಣೆಗಳಂತೆ ಅಲ್ಲಿಯೂ ಸೆರೆಮನೆ ತೀರ್ಥಕ್ಷೇತ್ರ, ಸೆರೆವಾಸ ತಪಸ್ಸು. ಸೆರೆಯಾಳು ಸಾಮಾನ್ಯವಾಗಿ ಪುಸ್ತಕ ಬರೆದವನು, ಆಮೇಲೆ ಆಳಿದವನು ಅಥವಾ ಆಳಬೇಕಾಗಿದ್ದವನು.

ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಬೆಂಗಳೂರಿನ ಫ್ರೀಡಂ ಪಾರ್ಕ್. 1867ರ ಕೇಂದ್ರ ಕಾರಾಗೃಹ 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರವಾದ ಮೇಲೆ, 2008ರಲ್ಲಿ ಆ ಜಾಗ ಉದ್ಯಾನವಾಗಿ ತೆರೆಯಿತು. ನಡುವಿನ ಕಾವಲುಗೋಪುರವನ್ನೂ ಬ್ಯಾರಕ್ಕಿನ ಭಾಗವನ್ನೂ ಉಳಿಸಿಕೊಳ್ಳಲಾಯಿತು. ಈ ಸ್ಥಳದೊಡನೆ ಸಾಮಾನ್ಯವಾಗಿ ಹೇಳುವ ಹೆಸರುಗಳು 1975ರ ತುರ್ತುಪರಿಸ್ಥಿತಿಯಲ್ಲಿ ಅಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರದು. ಅದೇ ಜೈಲಿನಲ್ಲಿ 1976ರಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದ ಅವರು ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಸೆರೆಮನೆಯ ದಿನಚರಿಯ ವಿಶೇಷವೇನೆಂದರೆ, ಅದು ರಾಜಕೀಯ ಬಂದಿಗಳಲ್ಲದ ಸಾಮಾನ್ಯ ಹೆಂಗಸರನ್ನು ಕಂಡದ್ದು. ಅವರ ಊಟ ಉಪಚಾರಕ್ಕಾಗಿ ಆಕೆ ಒಳಗಿದ್ದೇ ಹೋರಾಡಿದರು. ನೂರಮೂವತ್ತಕ್ಕೂ ಹೆಚ್ಚು ವರ್ಷ ಆ ಗೋಡೆಗಳ ಒಳಗೆ ಬಂದುಹೋದ, ಅಲ್ಲಿಯೇ ಸತ್ತ ಆ ಬಗೆಯ ಜನರಿಗೆ ಉದ್ಯಾನದಲ್ಲಿ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಸೆರೆಮನೆಯ ಗೋಡೆ ಉಳಿದರೂ ಸೆರೆಯವರೆಲ್ಲ ಉಳಿಯುವುದಿಲ್ಲ. ಇದು ವಾಸ್ತುಶಿಲ್ಪಿಗಳ ಲೋಪವಲ್ಲ. ಯಾರನ್ನು ನೆನೆಯಬೇಕೆಂದು ಸಮಾಜ ಮೊದಲೇ ತೀರ್ಮಾನಿಸಿಕೊಂಡಿರುತ್ತದೆ.

ಬೆಂಗಳೂರಿನಲ್ಲಿ ಈ ತೀರ್ಮಾನದ ಬೆಲೆ ಮರೆವು ಮಾತ್ರ. ಹಳೆಯ ಹೈದರಾಬಾದ್ ಸಂಸ್ಥಾನದ ಊರುಗಳಲ್ಲಿ ಅದರ ಬೆಲೆ ಹೆಚ್ಚಿನದು.

5

ಬೀದರ್ ಜಿಲ್ಲೆಯ ಬಸವಕಲ್ಯಾಣದ ಭಾಗದ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯಲ್ಲಿ ಸುಮಾರು ಇನ್ನೂರು ಮಂದಿ ಸತ್ತರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸತ್ತವರಲ್ಲಿ ಹೆಚ್ಚಿನವರು ಸೈನಿಕರಲ್ಲ. ತಮ್ಮ ಊರಿನಲ್ಲಿ, ತಮ್ಮ ಮನೆಗಳಲ್ಲಿ ಇದ್ದವರು. ಶಾಸನದ ಭಾಷೆಯಲ್ಲಿ ಹೇಳುವುದಾದರೆ ಇದು ಊರಳಿವು. ಐದು ದಶಕಕ್ಕೂ ಮೀರಿ ಈ ಊರಿನ ದುಃಖ ಹೊರಗಿನವರಿಗೆ ಹೆಚ್ಚು ಕೇಳಿಸದೆ ಉಳಿಯಿತೆಂಬ ದೂರು ನ್ಯಾಯವಾದುದು. 2023ರ ಮಾರ್ಚಿನಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಮತ್ತು ಸರ್ದಾರ್ ಪಟೇಲರ ಸ್ಮಾರಕವನ್ನು ಕೇಂದ್ರ ಗೃಹಸಚಿವ ಅಮಿತ್ ಶಾ ಉದ್ಘಾಟಿಸಿದರು.

ಈ ಸ್ಮಾರಕದ ಅಗತ್ಯವನ್ನು ಯಾರೂ ಅಲ್ಲಗಳೆಯಲಾಗದು. ವಿಮರ್ಶೆಗೆ ಒಳಪಡಬೇಕಾದುದು ಅದರ ಹೆಸರು. ಮನೆಯಲ್ಲಿದ್ದು ಸತ್ತವರು ಹುತಾತ್ಮರೆನಿಸಿಕೊಂಡಾಗ ಅವರಿಗೆ ಗೌರವ ದೊರೆಯುತ್ತದೆ, ನಿಜ. ಹಿಂದೆ ವೀರನ ಮನೆಯವರಿಗೆ ನೆತ್ತರುಗೊಡಗೆ ದೊರೆಯುತ್ತಿದ್ದಂತೆ ಇಂದು ಹೆಸರಿನ ಜೊತೆ ಸರ್ಕಾರದ ಮನ್ನಣೆಯೂ ಬರುತ್ತದೆ. ಹೈದರಾಬಾದ್ ಮುಕ್ತಿ ಹೋರಾಟದ ಗಡಿ ಶಿಬಿರಗಳಲ್ಲಿದ್ದವರಿಗೂ ಸ್ವಾತಂತ್ರ್ಯ ಯೋಧರ ಪಿಂಚಣಿ ವಿಸ್ತರಿಸಿದುದು ಈ ಕ್ರಮದಲ್ಲಿಯೇ. ಆದರೆ ಆ ಹೆಸರು ಅವರ ಸಾವಿಗೆ ಒಂದು ಫಲವನ್ನೂ ನಿಗದಿ ಮಾಡುತ್ತದೆ: ಸೆಪ್ಟೆಂಬರ್ 17ರ ವಿಮೋಚನೆ. ಅಂದಮೇಲೆ, ವಿಮೋಚನೆಯ ಆ ದಿನದ ಆಚೆ ಸತ್ತವರನ್ನು ಈ ಭಾಷೆ ಏನೆಂದು ಕರೆಯಬಲ್ಲದು?

ಹಾಗೆ ಸತ್ತವರಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಅದೇ ದಿನಗಳಲ್ಲಿಯೂ ಮುಂದಿನ ವಾರಗಳಲ್ಲಿಯೂ ಮುಸಲ್ಮಾನರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ನಿಯೋಗವೊಂದನ್ನು ಕಳುಹಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ನಿಯೋಗ ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿತು. ತಾನು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಹೇಳಿಕೆಯನ್ನೂ ಪಡೆಯಿತು. ಕಾರ್ಯಾಚರಣೆಯ ಕಾಲದಲ್ಲಿಯೂ ಆಮೇಲೆಯೂ ಪ್ರಾಣ ಕಳೆದುಕೊಂಡವರನ್ನು ಅದು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ವಾಳೂಜ್ ಇರುವ ಔರಂಗಾಬಾದ್ ಜಿಲ್ಲೆ, ಬೀಡ್, ನಲ್ಗೊಂಡ, ಮೇದಕ್‌ಗಳೊಡನೆ ಎರಡನೆಯ ಗುಂಪಿನಲ್ಲಿ ಬರುತ್ತದೆ. ಕೆಲವೆಡೆ ಸೈನಿಕರು ಮತ್ತು ಪೊಲೀಸರು ಕೂಡ ಕೃತ್ಯಗಳಲ್ಲಿ ಭಾಗಿಯಾದುದನ್ನು ವರದಿ ಹೇಳುತ್ತದೆ. ಅಂದಾಜಿನ ಬಗೆಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಹಿಂಸೆ ವ್ಯಾಪಕವಾಗಿತ್ತೆಂಬುದರ ಬಗೆಗೆ ಇಲ್ಲ.

ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಅದರ ಭಾಗಗಳು ಓಮರ್ ಖಾಲಿದಿ ಸಂಪಾದಿಸಿದ 1988ರ ಸಂಪುಟದಲ್ಲಿ ಬಂದವು, 2013ರಲ್ಲಿ ಎ. ಜಿ. ನೂರಾನಿ ತಮ್ಮ ಗ್ರಂಥದಲ್ಲಿ ಅದನ್ನು ಅಚ್ಚು ಹಾಕಿದರು. ಅಹಮದನಗರದ ಸೆರೆಯಲ್ಲಿ ಬರೆದ ಗ್ರಂಥ ಜಗತ್ತನ್ನೆಲ್ಲ ಸುತ್ತಿತು. ಅದನ್ನು ಬರೆದವರೇ ಕಳುಹಿಸಿದ ನಿಯೋಗದ ವರದಿ ದಶಕಗಳ ಕಾಲ ಕಡತದೊಳಗೆ ಸೆರೆಯಾಗಿತ್ತು. ಇದು ಒಬ್ಬ ವ್ಯಕ್ತಿಯ ಮೇಲೆ ಹೊರಿಸುವ ಆರೋಪವಲ್ಲ. ಸ್ಮಾರಕಗಳ ಕ್ರಮ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಎರಡು ಬರಹಗಳ ವಿಧಿ ತೋರಿಸುತ್ತದೆ.

ಘಟನೆಯ ಹೆಸರುಗಳನ್ನೂ ನೋಡಬೇಕು. ಕನ್ನಡದಲ್ಲಿ ಸೆಪ್ಟೆಂಬರಿಗೆ ಮುಂಚಿನದು ‘ರಜಾಕಾರರ ಹಾವಳಿ’. ಆಮೇಲಿನದು ‘ಪೊಲೀಸ್ ಆಕ್ಷನ್’. ಮೊದಲ ಹೆಸರಿನಲ್ಲಿ ಮಾಡಿದವರಿದ್ದಾರೆ. ಎರಡನೆಯದು ಸರ್ಕಾರ ತನ್ನ ಸೇನಾ ಕಾರ್ಯಕ್ಕೆ ಇಟ್ಟ ಹೆಸರು. ಅದರ ನೆರಳಿನಲ್ಲಿ ನಡೆದ ಕೊಲೆಗಳಿಗೂ ಅದೇ ಹೆಸರು ಸಂದುಹೋಗಿ, ಕೊಲೆ ಕಾಣದಂತಾಯಿತು. ಉರ್ದುವಿನಲ್ಲಿ ಇದು ‘ಸುಕೂತ್-ಎ-ಹೈದರಾಬಾದ್’, ಅಂದರೆ ಪತನ. ವಿಮೋಚನೆ, ವಿಲೀನ, ಪತನ ಈ ಮೂರೂ ರಾಜ್ಯದ ಕಥೆಯನ್ನು ಹೇಳುವ ಮಾತುಗಳು, ಊರಿನ ಕಥೆಯನ್ನಲ್ಲ.

ಎರಡು ಕಡೆಯ ಸಾವುಗಳನ್ನು ತಕ್ಕಡಿಯಲ್ಲಿಟ್ಟು ಸರಿದೂಗಿಸುವುದು ಈ ಲೇಖನದ ಉದ್ದೇಶವಲ್ಲ. ಸೆಪ್ಟೆಂಬರಿನಲ್ಲಿ ಸತ್ತವರ ಸಂಖ್ಯೆ ಗೋರ್ಟಾದ ಒಂದು ಸಾವನ್ನೂ ಹಗುರಾಗಿಸುವುದಿಲ್ಲ. ಗೋರ್ಟಾದ ಸಾವು ಸೆಪ್ಟೆಂಬರಿನ ಒಂದು ಕೊಲೆಯನ್ನೂ ಸಮರ್ಥಿಸುವುದಿಲ್ಲ. ‘ಹುತಾತ್ಮ’ ಎಂಬ ಮಾತು ಮಾತ್ರ ಒಂದನ್ನು ಒಳಗೆ ಸೇರಿಸಿಕೊಳ್ಳುವ ಕ್ರಿಯೆಯಲ್ಲಿಯೇ ಇನ್ನೊಂದನ್ನು ಹೊರಗಿಡುತ್ತದೆ. ಅಷ್ಟೇ ಅಲ್ಲ, ತನ್ನದೇ ಅಳತೆಗೆ ಒಪ್ಪುವ ಕೆಲವರನ್ನೂ ಅದು ಕಾಣಲಾರದು. ರಜಾಕಾರರನ್ನು ವಿರೋಧಿಸಿ ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದಿನಲ್ಲಿ ನೆನಪಿನಲ್ಲಿದ್ದಾರೆ; ಕನ್ನಡ ಮರಾಠಿ ಭಾಗದ ಆಚರಣೆಗಳಲ್ಲಿ ಅವರ ಹೆಸರು ಕೇಳಿಬರುವುದು ಕಡಿಮೆ. ಸುಂದರಲಾಲ್ ವರದಿಯಲ್ಲಿ ಇನ್ನೊಂದು ಸಂಗತಿಯಿದೆ: ಮುಸಲ್ಮಾನ ನೇಕಾರರನ್ನು ಕಾಪಾಡಲು ಹಿಂದೂ ನೇಕಾರರು ನಿಂತುದೂ, ಅದಕ್ಕಾಗಿ ಕೆಲವರು ಪ್ರಾಣ ತೆತ್ತುದೂ ಅಲ್ಲಿ ದಾಖಲಾಗಿದೆ. ನೆರೆಯವನ ಮನೆಬಾಗಿಲಲ್ಲಿ ಅಡ್ಡ ನಿಂತು ಸತ್ತವನಿಗೆ ವೀರಗಲ್ಲಿನ ಹಳೆಯ ನಿಯಮದ ಪ್ರಕಾರವೂ ಕಲ್ಲು ಸಲ್ಲಬೇಕು. ಬೇಟೆನಾಯಿಗೆ ಸಂದ ಕಲ್ಲು ಈ ನೇಕಾರರಿಗೆ ಸಲ್ಲಲಿಲ್ಲ.

6

ಹಾಗಾದರೆ ಬೇಕಾದುದು ಹೊಸ ಶಬ್ದವೇ? ‘ಊರಳಿವು’ ಎಂಬ ಹಳೆಯ ಮಾತನ್ನು ಮತ್ತೆ ಬಳಕೆಗೆ ತರುವ ಆಸೆ ಸಹಜ. ಅದರಲ್ಲಿ ಯಜ್ಞದ ಛಾಯೆಯಿಲ್ಲ, ವೀರತ್ವದ ಷರತ್ತಿಲ್ಲ, ಕೇಂದ್ರದಲ್ಲಿ ಊರಿದೆ. ಆದರೆ ಅದರ ಮಿತಿಯೂ ಸ್ಪಷ್ಟ. ‘ಅಳಿವು’ ಅಕರ್ಮಕ, ಅದರಲ್ಲಿ ಅಳಿಸಿದವನಿಲ್ಲ. ಊರು ತಾನಾಗಿ ಅಳಿಯಲಿಲ್ಲ. ಒಂದು ಪದದಿಂದ ತೀರುವ ಕೆಲಸ ಇದಲ್ಲ.

ಶಾಸನ ಪರಂಪರೆಯಿಂದ ನಾವು ಪಡೆಯಬಹುದಾದುದು ಪದಕ್ಕಿಂತ ಹೆಚ್ಚಾಗಿ ಅದರ ಖಚಿತತೆ. ಯಾವ ಶಕವರ್ಷ, ಯಾರ ಆಳ್ವಿಕೆ, ಯಾವ ಊರು, ಯಾರ ಮಗ, ಯಾರೊಡನೆ, ಏನಾಗಿ ಸತ್ತನು ಎಂಬುದನ್ನು ವೀರಗಲ್ಲು ನಾಲ್ಕೈದು ಸಾಲುಗಳಲ್ಲಿ ಹೇಳುತ್ತದೆ. ತುವೊಲ್ ಸ್ಲೆಂಗಿನ ಗೋಡೆಯಿಂದ ಪಡೆಯಬಹುದಾದುದು ಷರತ್ತಿಲ್ಲದ ಪ್ರವೇಶ: ಸತ್ತುದೇ ಸಾಕು, ಅರ್ಹತೆ ತೋರಿಸಬೇಕಾಗಿಲ್ಲ. ಆ ಖಚಿತತೆಯನ್ನು ಈ ಪ್ರವೇಶದೊಡನೆ ಕೂಡಿಸಿದ ಸ್ಮರಣೆ ನಮ್ಮಲ್ಲಿ ಇನ್ನೂ ಆರಂಭವಾಗಬೇಕು. ಒಂದು ವ್ಯತ್ಯಾಸವನ್ನು ಮರೆಯಬಾರದು. ಎಸ್-21ರಲ್ಲಿ ಕೊಂದವರೇ ದಾಖಲೆ ಬರೆದಿಟ್ಟರು. 1948ರ ಹಳ್ಳಿಗಳಲ್ಲಿ ಯಾರೂ ಭಾವಚಿತ್ರ ತೆಗೆಯಲಿಲ್ಲ. ಇಲ್ಲಿ ಪಟ್ಟಿಯನ್ನು ಸಂಶೋಧಕರೇ ಕಟ್ಟಬೇಕು.

ಈ ಕೆಲಸ ಹೊರನಾಡಿನಲ್ಲಿ ದುಡಿಯುವ ಕನ್ನಡ ಸಂಶೋಧಕರಿಗೆ ವಿಶೇಷವಾಗಿ ಸೇರಿದುದು ಎಂಬುದಕ್ಕೆ ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸಂಸ್ಥಾನ ಮೂರು ಹೋಳಾದಾಗ ಅದರ ನೆನಪೂ ಮೂರು ಹೋಳಾಯಿತು. ಬೀದರಿನ ಒಂದು ಊರಿನ ಸಂಗತಿ ಕನ್ನಡದ ಮೌಖಿಕ ನೆನಪಿನಲ್ಲಿದ್ದರೆ, ಅದರ ಪಕ್ಕದ ಊರಿನದು ಮರಾಠಿಯಲ್ಲಿದೆ, ಕಚೇರಿಯ ಕಾಗದ ಉರ್ದುವಿನಲ್ಲಿದೆ, ಸುಂದರಲಾಲ್ ವರದಿಯ ಪ್ರತಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ (2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ) ಓದಲು ದೊರೆಯುವಂತಾಯಿತು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ, ಮರಾಠವಾಡದ ಹಿಪ್ಪರಗಾ, ಅಂಬಾಜೋಗಾಯಿಗಳಲ್ಲಿ ಪಾಠ ಹೇಳಿ, ಇಡೀ ಸಂಸ್ಥಾನದ ಹೋರಾಟವನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರಿಗೆ ಈ ಭಾಷಾಗಡಿಗಳು ಅಡ್ಡಿಯಾಗಿರಲಿಲ್ಲ. ಒಂದೇ ಭಾಷೆಯ ಆಕರವನ್ನು ನೆಚ್ಚಿ ಬರೆದವರಿಗೆ ಒಂದೇ ಬಗೆಯ ಸತ್ತವರು ಕಾಣುತ್ತಾರೆ.

1948ರ ಸಾಕ್ಷಿಗಳಲ್ಲಿ ಇಂದು ಉಳಿದಿರುವವರು ಆಗ ಮಕ್ಕಳಾಗಿದ್ದವರು ಮಾತ್ರ. ಆದ್ದರಿಂದ ಕಟ್ಟಡ, ಪ್ರತಿಮೆ, ಹೆಸರುಗಳ ಚರ್ಚೆಗೆ ಮುಂಚೆ ಆಗಬೇಕಾದುದು ಒಂದು ತಾಲ್ಲೂಕನ್ನಾದರೂ ಹಿಡಿದು, ಊರೂರಿಗೆ, ಮೇ ತಿಂಗಳಲ್ಲಿ ಸತ್ತವರನ್ನೂ ಸೆಪ್ಟೆಂಬರಿನಲ್ಲಿ ಸತ್ತವರನ್ನೂ ಒಂದೇ ಹಾಳೆಯಲ್ಲಿ ಬರೆಯುವ ಕೆಲಸ: ಹೆಸರು, ತಂದೆಯ ಹೆಸರು, ಊರು, ದಿನ, ಕೊಂದವರು. ಆ ಹಾಳೆಗೆ ಮೇಲೆ ಯಾವ ತಲೆಬರಹ ಕೊಡಬೇಕೆಂಬುದನ್ನು ಬರೆದು ಮುಗಿದ ಮೇಲೆ ಯೋಚಿಸಬಹುದು.